ಮೈಸೂರಿಗೆ ಮುಖ ಮಾಡಿದ್ದ ಕಳ್ಳಿ

ಸ್ಟೌಫ್‌ವಿಲ್‌ನಲ್ಲಿ ಬೆಳಗಿನ ರೈಲು ಹತ್ತಿದಾಗ ಮೈನಸ್ ಹದಿನೆಂಟು ಡಿಗ್ರಿ ಚಳಿ. ನನ್ನ ತಲೆ ಮಾತ್ರ ಕುದಿಯುತ್ತಿತ್ತು. ನಾನು ಹೋಗಬೇಕಿದ್ದ ಪಿಕರಿಂಗಿಗೆ ಕಾರಿನಲ್ಲಾದರೆ ಅರ್ಧ ಗಂಟೆಯ ದಾರಿ. ಆದರೆ ಕಣ್ಣಿನ ಪೊರೆ ತೆಗೆಸುವವರೆಗೆ ಸ್ಟೀರಿಂಗ್ ಮುಟ್ಟಬಾರದೆಂದು ನನಗೆ ಕಟ್ಟಪ್ಪಣೆಯಾಗಿತ್ತು. ಸೊಸೆ ಕಾರು ತೆಗೆದುಕೊಂಡು ನ್ಯೂಮಾರ್ಕೆಟ್ಟಿನ ಆಸ್ಪತ್ರೆಗೆ ಡ್ಯೂಟಿಗೆ ಹೊರಟುಹೋಗಿದ್ದಳು. ಇನ್ನೇನು, ದಕ್ಷಿಣಕ್ಕೆ ನಗರದ ನಡುವಿನ ಯೂನಿಯನ್ ಸ್ಟೇಷನ್ನಿನವರೆಗೆ ಹೋಗಿ, ರೈಲು ಬದಲಿಸಿ, ಪೂರ್ವಕ್ಕೆ ತಿರುಗಬೇಕು. ಸುತ್ತಿ ಬಳಸಿ ಮೂಗು ಹಿಡಿದ ಹಾಗೆ. ಮುದುಕರಿಗೆ ಅರ್ಧ ಚಾರ್ಜು ಎಂಬುದೊಂದೇ ಸಮಾಧಾನ.

ಜೇಬಿನಲ್ಲಿ ಮೂರು ಫೋಟೋಗಳಿದ್ದವು. ಪಿಕರಿಂಗಿನ ಸರೋಜಾ ಡಾಕ್ಟರು ಅಂಚೆಯಲ್ಲಿ ಕಳಿಸಿದ್ದು. ಅವರ ಗಾಜಿನ ಕೋಣೆಯಲ್ಲಿ ಎಂಟು ವರ್ಷದಿಂದ ಬೆಳೆದ ಒಂದು ಮುಳ್ಳುಗಿಡ ಈಗ ಮರವಾಗಿ, ಒಂದು ಕಡೆಗೆ ವಾಲಿ, ಕಿಟಕಿಯ ಗಾಜಿಗೆ ತಲೆ ಒತ್ತುತ್ತಿತ್ತು. ಗಿಡ ಮಾರುವ ಅಂಗಡಿಯ ಒಬ್ಬ ಅರೆಬೆಂದ ಪಂಡಿತ ಫೋಟೋ ನೋಡಿ, ಇದು ಕ್ಯಾಕ್ಟಸ್, ಧಾರಾಳವಾಗಿ ಕತ್ತರಿಸಿ ಎಂದಿದ್ದನಂತೆ.

ಫೋಟೋ ನೋಡಿ ಗಿಡದ ಹೆಸರು ಹೇಳುವುದರಲ್ಲಿ ಒಂಟಾರಿಯೋದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದ್ದರೆ ಅವರು ಇನ್ನೂ ಬಾಯಿ ಬಿಟ್ಟಿಲ್ಲ. ಮೂವತ್ತು ವರ್ಷ ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದ ಗಂಟಲು ಇದು. ಪೊರೆ ಬಂದ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರೂ ಗೊತ್ತಾಯಿತು. ಕ್ಯಾಕ್ಟಸ್ಸಿನ ಮುಳ್ಳುಗಳು ಹತ್ತಿಯಂಥ ಸಣ್ಣ ಮೆತ್ತೆಯಿಂದ ಗುಂಪಾಗಿ ಏಳುತ್ತವೆ. ಇಲ್ಲಿ ಕಾಂಡದ ಉಬ್ಬಿದ ಏಣಿನುದ್ದಕ್ಕೂ ಎರಡೆರಡೇ ಮುಳ್ಳು, ಎತ್ತಿನ ಕೊಂಬಿನ ಹಾಗೆ. ನಮ್ಮ ಬೇಲಿಯ ಚದುರಗಳ್ಳಿಗೆ ಆಫ್ರಿಕದ ದೊಡ್ಡಪ್ಪ. ಕತ್ತರಿಸಿದರೆ ಹಾಲು ಚಿಮ್ಮುತ್ತದೆ. ಅಂಥ ಹಾಲು ಕಣ್ಣಿಗೆ ಹಾರಿ ನನ್ನ ಅಣ್ಣ ಮೂರು ದಿನ ರೆಪ್ಪೆ ತೆರೆದಿರಲಿಲ್ಲ.

ಹಿಂದಿನ ಸಂಜೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಡಾಕ್ಟರು ನಕ್ಕುಬಿಟ್ಟರು. ನಾಳೆ ಊಟಕ್ಕೆ ಮುಂಚೆ ಶ್ರೀಕಂಠಯ್ಯ ಗರಗಸ ಹಿಡಿಯುತ್ತಾರೆ, ನಿಮ್ಮ ತಮಾಷೆ ಸಾಕು ಎಂದು ಫೋನ್ ಇಟ್ಟರು. ಶ್ರೀಕಂಠಯ್ಯ ಎಂದರೆ ಅವರ ಯಜಮಾನರು, ರಿಟೈರಾದ ಎಂಜಿನಿಯರು. ಕತ್ತು ಎತ್ತಿ, ಕಣ್ಣು ಬಿಟ್ಟುಕೊಂಡು, ತಲೆಯ ಮೇಲಿನ ಕೊಂಬೆ ಕೊಯ್ಯುವ ಮನುಷ್ಯ. ರಾತ್ರಿಯಿಡೀ ನನಗೆ ಸಿಟ್ಟು. ನಿಜ ಹೇಳಿದರೆ ನಗುವುದೆಂದರೇನು?

ಯೂನಿಯನ್ನಿನಲ್ಲಿ ಪಿಕರಿಂಗಿನ ರೈಲು ಕಣ್ಣೆದುರೇ ಹೊರಟುಹೋಯಿತು. ಮುಂದಿನದಕ್ಕೆ ಒಂದು ಗಂಟೆ. ಸುಡುವ ಕಾಫಿ, ಒಣಕಲು ಮಫಿನ್ನು; ಎರಡನ್ನೂ ಬೈದುಕೊಂಡೇ ಮುಗಿಸಿದೆ. ಕೊನೆಗೂ ರೈಲು ಹೊರಟು, ರೂಜ್ ನದಿ ದಾಟಿದ ಮೇಲೆ ಬಲಗಡೆ ಸರೋವರ ಕಂಡಿತು, ಅಂಚಿನಲ್ಲಿ ಹೆಪ್ಪುಗಟ್ಟಿ, ಒಡೆದ ಪಿಂಗಾಣಿಯಂತೆ. ಬೇರೆ ದಿನವಾಗಿದ್ದರೆ ಅದರ ಬಗ್ಗೆ ಒಂದು ಪುಟ ಬರೆಯುತ್ತಿದ್ದೆ. ಅವತ್ತು ಗಡಿಯಾರ ನೋಡುತ್ತ ಕೂತೆ.

ಸ್ಟೇಷನ್ನಿನಿಂದ ಟ್ಯಾಕ್ಸಿ. ಬಾಗಿಲು ತೆರೆದ ಡಾಕ್ಟರನ್ನು ದಾಟಿಕೊಂಡು, ಬೂಟು ಬಿಚ್ಚದೆ ಒಳಗೆ ನುಗ್ಗಿದೆ. ಶ್ರೀಕಂಠಯ್ಯ ಏಣಿಯ ಮೂರನೆಯ ಮೆಟ್ಟಿಲಲ್ಲಿದ್ದರು, ಕೈಯಲ್ಲಿ ಗರಗಸ, ಕಣ್ಣಿಗೆ ಕನ್ನಡಕವೂ ಇಲ್ಲ.

"ಇಳೀರಿ ಕೆಳಗೆ," ಎಂದೆ.

"ಮೇಷ್ಟ್ರೇ, ಇಷ್ಟು ದೂರ ಬಂದು ನಾಟಕ ಆಡ್ಬೇಕಾ?" ಎಂದರು ಡಾಕ್ಟರು.

ನಾನು ಕೋಟಿನ ಗುಂಡಿಯ ಹತ್ತಿರ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಮುಖ ಅತ್ತ ತಿರುಗಿಸಿ, ತೋಳುದ್ದ ದೂರದಿಂದ ಗಿಡದ ಕಾಂಡಕ್ಕೆ ಚುಚ್ಚಿದೆ. ಒಂದು ಬಿಳಿ ಹನಿ ಮೂಡಿತು, ದಪ್ಪವಾಯಿತು, ಹಸಿರಿನ ಮೇಲೆ ಗೆರೆಯಾಗಿ ಇಳಿಯಿತು. ಡಾಕ್ಟರು ಬಗ್ಗಿ ನೋಡಿದರು. ಅವರಿಗೆ ವಿವರಿಸಬೇಕಾಗಿರಲಿಲ್ಲ. ಶ್ರೀಕಂಠಯ್ಯ ಇಳಿದು ಗರಗಸವನ್ನು ನೆಲಕ್ಕಿಟ್ಟರು.

ಇನ್ನು ನನ್ನ ಸರದಿ ಎಂದುಕೊಂಡೆ. ಅಂಗಡಿಯವನಿಂದ ಶುರುಮಾಡಿ ಎಲ್ಲರ ಜಾತಕ ಬಿಡಿಸಿದೆ. ನನ್ನ ಮಾತು ನಂಬದೇ ಹೋದರೆ ಕಣ್ಣು ಹೋಗುತ್ತಿತ್ತು ಎಂದು ಕೂಗಾಡಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುಂಡದ ಬುಡದತ್ತ ಬೆರಳು ತೋರಿಸಿದರು.

ನೆಲದಲ್ಲಿ ಕೆಂಪು ಟೇಪಿನ ಒಂದು ಬಾಣ. ಉತ್ತರಕ್ಕೆ, ತುಸು ಪೂರ್ವಕ್ಕೆ.

ನೆನಪಾಯಿತು. ನಾಲ್ಕು ವರ್ಷದ ಹಿಂದೆ ಇದೇ ಗಿಡದ ಫೋಟೋ ನೋಡಿ ನಾನೇ ತಮಾಷೆಗೆ ಒಂದು ಸುಳ್ಳು ಹೇಳಿದ್ದೆ: ಇದರ ಒಂದು ಏಣು ಸದಾ ಮೈಸೂರಿನ ಕಡೆಗಿದ್ದರೆ ಮಾತ್ರ ಹೂವು, ಕುಂಡವನ್ನು ಕೂದಲೆಳೆಯಷ್ಟೂ ತಿರುಗಿಸಬೇಡಿ. ಶ್ರೀಕಂಠಯ್ಯ ಭೂಗೋಳಕ್ಕೆ ದಾರ ಕಟ್ಟಿ, ಮೈಸೂರಿಗೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದಲೇ ಎಂದು ಕಂಡುಹಿಡಿದು ಬಾಣ ಅಂಟಿಸಿದ್ದರು. ಆ ಕಥೆ ಹೇಳಿಕೊಂಡು ನಾನು ಎಷ್ಟು ಮನೆಗಳಲ್ಲಿ ಕಾಫಿ ಕುಡಿದಿದ್ದೆನೋ.

"ತಿರುಗಿಸಿದ್ರೆ ನೆಟ್ಟಗೆ ಬೆಳೀತಿತ್ತು," ಎಂದರು ಡಾಕ್ಟರು. "ನಾಲ್ಕು ವರ್ಷ ಒಂದೇ ಕಡೆ ಬಿಸಿಲು. ವಾಲ್ದೆ ಇನ್ನೇನ್ಮಾಡತ್ತೆ? ಅವತ್ತು ನಿಮ್ಮನ್ನ ನಂಬಿದ್ವಿ, ಮೇಷ್ಟ್ರೇ."

ಅಂಗಡಿಯವನಿಗೆಂದು ಇನ್ನೂ ಉಳಿಸಿಕೊಂಡಿದ್ದ ಬೈಗುಳಗಳಷ್ಟೂ ಬಾಯಲ್ಲೇ ಉಳಿದವು. ಯಾರಿಗೆ ಬೈಯಬೇಕೆಂದು ಈಗ ಚೆನ್ನಾಗಿ ಗೊತ್ತಿತ್ತು.

ಊಟವಾದ ಮೇಲೆ ಕೈಗವಸು ತೊಟ್ಟು, ಬೇಸ್‌ಮೆಂಟಿನಿಂದ ತಂದ ದಪ್ಪ ರಕ್ಷಣಾ ಕನ್ನಡಕ ಹಾಕಿಕೊಂಡು ಶ್ರೀಕಂಠಯ್ಯ ಕೊಯ್ದರು. ನಾನು ಕೆಳಗೆ ಕೊಂಬೆ ಹಿಡಿದೆ. ಹಾಲು ನಿಲ್ಲುವವರೆಗೆ ತುದಿಗೆ ನೀರು ಹಾಕಿ, ಒರೆಸಿ, ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿ ಡಾಕ್ಟರು ನನ್ನ ಕೈಗಿಟ್ಟರು. ಬಾಣವನ್ನು ಮಾತ್ರ ಕೀಳಲಿಲ್ಲ. ನಾನೂ ಕೀಳಿ ಎನ್ನಲಿಲ್ಲ.

ಸಂಜೆ ಸ್ಟೌಫ್‌ವಿಲ್ ರೈಲಿನಲ್ಲಿ ಪಕ್ಕದ ಸೀಟಿನ ಪಂಜಾಬಿ ಯಜಮಾನರು ನನ್ನ ತೊಡೆಯ ಮೇಲಿನ ಪೊಟ್ಟಣ ನೋಡಿ, ಕ್ಯಾಕ್ಟಸ್ಸೇ ಎಂದು ಹಿಂದಿಯಲ್ಲಿ ಕೇಳಿದರು. ನಾಲಿಗೆಯ ತುದಿಗೆ ಒಂದು ಸೊಗಸಾದ ಸುಳ್ಳು ಬಂದು ಕೂತಿತ್ತು. ನುಂಗಿಕೊಂಡೆ. ಅಲ್ಲ, ಹಾಲಿರುವ ಕಳ್ಳಿ, ಕಣ್ಣಿಗೆ ಕೆಟ್ಟದ್ದು, ಮುಟ್ಟಬೇಡಿ ಎಂದೆ.

ಅವರು ಒಂದೇ ಮಾತಿಗೆ ನಂಬಿ, ಮೊಣಕಾಲು ಅತ್ತ ಸರಿಸಿಕೊಂಡು ಕೂತರು. ಪಾಪ, ನನ್ನ ಪರಿಚಯವಿರಲಿಲ್ಲ.