ಎರೆ ದಾರಿಯ ಮೂರು ಕಿಲೋಮೀಟರ್

ಜುಲೈ ಮೂರನೆಯ ಭಾನುವಾರದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ಆರೇ ಸಾಲು. ಬೇರೆ ಭಾನುವಾರಗಳಿಗೆ ಒಂದೊಂದು ಪುಟ ತುಂಬಿದೆ: ಹೊರಟ ಸಮಯ, ಏರುಗಳ ಸಂಖ್ಯೆ, ಎಷ್ಟು ಬಾಟಲಿ ನೀರು, ಎಷ್ಟು ಸಲ ಕಾಲು ನೆಲಕ್ಕೆ ಇಟ್ಟೆ. ಆವತ್ತು ಪೆನ್ನು ಹಿಡಿಯುವುದೂ ಬೇಡವಾಗಿತ್ತು. ಬಿಟ್ಟುಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ವಾರಕ್ಕೆ ಆರು ದಿನ ನೋಡುತ್ತೇನೆ. ಏಳನೆಯ ದಿನ ಸೈಕಲ್. ನಮ್ಮದು ಎಂಟು ಹತ್ತು ಜನರ ಗುಂಪು. ಹೊಸ ದಾರಿ ಹಿಡಿಯುವ ಮೊದಲು ನಾನೊಬ್ಬನೇ ಹೋಗಿ ಅಳೆದು, ಎಲ್ಲಿ ತಿರುವು, ಎಲ್ಲಿ ಏರು, ಎಲ್ಲಿ ಚಹಾ ಎಂದು ಒಂದು ಚೀಟಿ ಮಾಡುತ್ತೇನೆ. ಯಾರೂ ಹೇಳಿ ಕೊಟ್ಟ ಕೆಲಸವಲ್ಲ, ನಾನೇ ಹಚ್ಚಿಕೊಂಡದ್ದು. ನನ್ನ ಚೀಟಿ ತಪ್ಪಿಲ್ಲ ಎನ್ನುವುದು ಗುಂಪಿನಲ್ಲಿ ನನಗಿದ್ದ ಒಂದೇ ಹೆಸರು.

ಆ ಭಾನುವಾರದ ಚೀಟಿಯಲ್ಲಿ ಸರಿಯಾಗಿ ನೂರು ಕಿಲೋಮೀಟರ್ ಇತ್ತು. ಧಾರವಾಡದಿಂದ ಕಲಘಟಗಿ, ಅಲ್ಲಿಂದ ಹುಬ್ಬಳ್ಳಿ, ಬ್ಯಾಹಟ್ಟಿ, ಹೆಬ್ಬಳ್ಳಿ, ಮತ್ತೆ ಧಾರವಾಡ. ಅದನ್ನು ಮಾಡಿದ್ದು ನಮ್ಮ ಗುಂಪಿನ ಅಕ್ಕಾರಿಗಾಗಿ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ವಯಸ್ಸು ಐವತ್ತೊಂದು. ಸೈಕಲ್ ಹಿಡಿದು ಎರಡು ವರ್ಷವಾಗಿತ್ತು. ಪ್ರತಿ ಸೋಮವಾರ ಮಕ್ಕಳು 'ಎಷ್ಟಾತ್ರಿ ಟೀಚರ್?' ಎಂದು ಕೇಳುತ್ತಾರಂತೆ. ಇವರು ಹಿಂದಿನ ದಿನ ತುಳಿದ ಕಿಲೋಮೀಟರ್‌ಗಳನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಾರಂತೆ. ನೂರು ಬರೆಯುತ್ತೇನೆಂದು ಎರಡು ಸಲ ಹೇಳಿಹೋಗಿ ಒಮ್ಮೆ ಎಪ್ಪತ್ತೊಂದು, ಒಮ್ಮೆ ಎಂಬತ್ತೆಂಟು ಬರೆದಿದ್ದರು. ಇದು ಮೂರನೆಯ ಸಲ.

ಮೂರು ದಿನದಿಂದ ಬಿಟ್ಟು ಬಿಟ್ಟು ಮಳೆ. ಗುಂಪಿನ ಉಳಿದವರು ಹಾಸಿಗೆ ಬಿಡಲಿಲ್ಲ. ನಾನು ರಾಯಾಪುರದ ಮನೆಯಿಂದ ಎಂಟು ಕಿಲೋಮೀಟರ್ ತುಳಿದು ಐದೂವರೆಗೆ ಅಕ್ಕಾರ ಓಣಿಯ ಹಿಟ್ಟಿನ ಗಿರಣಿ ಮುಟ್ಟಿದಾಗ ಅವರು ಆಗಲೇ ಹೊರಗೆ ನಿಂತಿದ್ದರು.

"ನಾವಿಬ್ಬರ ಏನು?"

"ಇಬ್ಬರ ರೀ."

"ಛಲೋ ಆತು. ಹಿಂದ ಬಿದ್ದರ ನಗಾಕ ಯಾರೂ ಇಲ್ಲ."

ಕಲಘಟಗಿವರೆಗಿನ ಮೂವತ್ತೈದು ಕಿಲೋಮೀಟರ್‌ನಲ್ಲಿ ಹದಿನಾಲ್ಕು ಏರು. ಕೆಂಪು ಮಣ್ಣಿನ ಗುಡ್ಡಗಳು ಒಂದರ ಬೆನ್ನಿಗೆ ಒಂದು. ಇಳಿಜಾರಿನಲ್ಲಿ ಗಳಿಸಿದ ವೇಗ ಮುಂದಿನ ಏರಿನ ಅರ್ಧಕ್ಕೇ ಖರ್ಚಾಗುತ್ತಿತ್ತು. ಅಕ್ಕಾರು ಏರಿನಲ್ಲಿ ಮಾತಾಡುವುದಿಲ್ಲ, ಬಾಯಲ್ಲೇ ಮಗ್ಗಿ ಹೇಳಿಕೊಳ್ಳುತ್ತಾರೆ. ಹದಿನೇಳರ ಮಗ್ಗಿ ಕೇಳಿಸಿದರೆ ಏರು ಕಠಿಣವಾಗಿದೆ ಎಂದರ್ಥ. ಹುಬ್ಬಳ್ಳಿ ಮುಟ್ಟಿದಾಗ ಹತ್ತೂ ಇಪ್ಪತ್ತು. ಬ್ಯಾಹಟ್ಟಿಯಲ್ಲಿ ಎರಡೆರಡು ಚಹಾ ಕುಡಿದೆವು. ಅಲ್ಲಿಗೆ ಎಪ್ಪತ್ತೈದು. ನನ್ನ ತೊಡೆಗಳು ಆಗಲೇ ಕಲ್ಲಾಗಿದ್ದವು, ಅಕ್ಕಾರ ಮುಖ ಮಾತ್ರ ಹಗುರಾಗಿತ್ತು. "ಇನ್ನ ಇಪ್ಪತ್ತೈದು ಅಂದ್ರ ಬರೇ ಪಾವು," ಅಂದರು.

ಎಪ್ಪತ್ತೆಂಟರಲ್ಲಿ ಡಾಂಬರು ಬಿಟ್ಟು ಎಡಕ್ಕೆ ಹೊಲಗಳ ನಡುವಿನ ಚಕ್ಕಡಿ ದಾರಿ. ಲಾರಿಗಳ ಕಾಟ ತಪ್ಪಲಿ ಎಂದು ನಾನೇ ಹುಡುಕಿದ ದಾರಿ. ಚೀಟಿಯಲ್ಲಿ ಬರೆದಿದ್ದೆ: 'ಮೂರೂವರೆ ಕಿಲೋಮೀಟರ್, ಸಪಾಟು, ಚಕ್ರ ಚೆನ್ನಾಗಿ ಓಡುತ್ತದೆ.' ಅಳೆದದ್ದು ಏಪ್ರಿಲ್‌ನಲ್ಲಿ. ಆಗ ಅದು ಸಿಮೆಂಟಿನಂತೆ ಗಟ್ಟಿಯಾಗಿತ್ತು. ದೂರ, ತಿರುವು, ಬೇವಿನ ಮರ, ಎಲ್ಲವನ್ನೂ ಬರೆದುಕೊಂಡಿದ್ದೆ. ಕಲಘಟಗಿ ಕಡೆಯ ಕೆಂಪು ಮಣ್ಣು ಇಲ್ಲಿಗೆ ಬರುವಷ್ಟರಲ್ಲಿ ಮುಗಿದು ಮಳೆಗೆ ಅಂಟಾಗುವ ಕಪ್ಪು ಎರೆ ಮಣ್ಣು ಶುರುವಾಗಿರುತ್ತದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಈ ಸೀಮೆಯಲ್ಲಿ ಹುಟ್ಟಿದವನಿಗೆ ಅದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೇ.

ಅರ್ಧ ಕಿಲೋಮೀಟರ್ ಹೇಗೋ ಹೋದೆವು. ಆಮೇಲೆ ಚಕ್ರಕ್ಕೆ ಮಣ್ಣು ಹತ್ತಿತು, ಮಣ್ಣಿಗೆ ಹುಲ್ಲು ಹತ್ತಿತು, ಬ್ರೇಕಿನ ಸಂದಿಯಲ್ಲಿ ಎರಡೂ ಸೇರಿ ಗಚ್ಚಿನಂತೆ ಕೂತವು. ಚಕ್ರ ತಿರುಗಲಿಲ್ಲ. ಅಕ್ಕಾರು ಇಳಿದು ಕೇಳಿದರು:

"ಹಿಂದ ಹೋಗೂಣೇನು? ಮುಂದ ಹೆಂಗೈತಿ?"

ನಾನು ಕಿಸೆಯಿಂದ ಚೀಟಿ ತೆಗೆದು ನೋಡಿದೆ. ದಾರಿಯನ್ನು ನೋಡಲಿಲ್ಲ, ಚೀಟಿಯನ್ನು ನೋಡಿದೆ. "ಮುಂದ ಛಲೋ ಐತ್ರಿ," ಅಂದೆ.

ಅವರು ನಂಬಿದರು. ಹತ್ತು ಹೆಜ್ಜೆ ಎಳೆಯುವುದು, ನಿಲ್ಲುವುದು, ಕಡ್ಡಿಯಿಂದ ಮಣ್ಣು ಕೆರೆಯುವುದು. ಹೀಗೆ ಎಷ್ಟು ಸಲ ಎಂದು ಎಣಿಸತೊಡಗಿದವನು ಇಪ್ಪತ್ತಾರಕ್ಕೆ ಬಿಟ್ಟೆ. ಕೆರೆಯುವಾಗ ಅಕ್ಕಾರ ಮುಂದಿನ ಚಕ್ರದ, ದೂರ ಎಣಿಸುವ ಮೀಟರ್‌ನ ತಂತಿ ಕಿತ್ತುಬಂತು. ಕೊನೆಗೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡೆವು. ನಾನು ಎರಡನ್ನೂ ಒಂದೊಂದಾಗಿ ಒಯ್ಯುತ್ತೇನೆ ಎಂದೆ; ಅವರು ಕೊಡಲಿಲ್ಲ. ಬೂಟಿಗೆ ಹತ್ತಿದ ಎರೆ ಒಂದೊಂದು ಹೆಜ್ಜೆಗೂ ದಪ್ಪವಾಗುತ್ತಿತ್ತು. ಈ ಸಲ ಮಗ್ಗಿ ಕೇಳಿಸಲಿಲ್ಲ.

ಹೆಸರುಕಾಳಿನ ಹೊಲದ ಅಂಚಿನಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೂತಿದ್ದ ರೈತರೊಬ್ಬರು ನಮ್ಮನ್ನು ಬಹಳ ಹೊತ್ತು ನೋಡಿದರು.

"ಏನ್ರೀ ಅಕ್ಕಾರ, ಸೈಕಲ್ಲಿಗೆ ಆರಾಮ ಇಲ್ಲೇನು? ದವಾಖಾನಿಗೆ ಹೊಂಟೀರಿ?"

ಅಕ್ಕಾರು ನಕ್ಕೇಬಿಟ್ಟರು. ನನಗೆ ನಗು ಬರಲಿಲ್ಲ.

"ಈ ದಾರಿ ಯಾರು ಹೇಳಿದರು ನಿಮಗ? ಫೋನ್ ಹೇಳಿತೇನು?"

"ಇಲ್ರಿ ಕಾಕಾ," ಅಂದೆ. "ನಾನ ಬರದೇನ್ರಿ."

"ನೀ ಬರದಿಯೇನು! ತಮ್ಮಾ, ಮೂರು ದಿನ ಆತು, ನಾವು ಎತ್ತು ಸುದ್ದಾ ಇಳಿಸಿಲ್ಲ ಇಲ್ಲಿ. ದಾರಿ ಬಿಡ್ರಿ, ಆ ಬದುವಿನ ಮ್ಯಾಲ ಹುಲ್ಲು ಐತಿ ನೋಡ್ರಿ, ಅದನ್ನ ಹಿಡದು ಹೋಗ್ರಿ. ಕಾಲು ಹೂಳೂದಿಲ್ಲ."

ಬದು ಹಿಡಿದೆವು. ಕಾಲು ಹೂಳಲಿಲ್ಲ, ಭಾರ ಮಾತ್ರ ಇಳಿಯಲಿಲ್ಲ. ಡಾಂಬರು ಕಂಡಾಗ ಒಂದೂ ನಲವತ್ತು. ಮೂರು ಕಿಲೋಮೀಟರ್‌ಗೆ ಎರಡು ತಾಸು. ಹಳ್ಳದ ನೀರಿನಲ್ಲಿ ಚಕ್ರ ತೊಳೆದು ಮತ್ತೆ ಹತ್ತಿದಾಗ ಅಕ್ಕಾರ ಹೆಗಲ ಮೇಲೆ ಅಂಗಿ ಹರಿದಿತ್ತು. 'ತಪ್ಪಾತ್ರಿ' ಎಂದು ಹೇಳಬೇಕೆಂದು ಹೆಬ್ಬಳ್ಳಿಯವರೆಗೂ ಅಂದುಕೊಳ್ಳುತ್ತಿದ್ದೆ. ಹೆಬ್ಬಳ್ಳಿ ದಾಟಿದ ಮೇಲೆ ಮಾತು ಹೊರಡಿಸುವಷ್ಟು ಉಸಿರೂ ಇರಲಿಲ್ಲ. ಧಾರವಾಡದ ಏರುಗಳನ್ನು ಹೇಗೆ ಹತ್ತಿದೆವೋ ತಿಳಿಯದು.

ಗಿರಣಿಯ ಮುಂದೆ ನಿಂತಾಗ ಮೂರೂವರೆ. ನಾನು ಇಳಿಯದೆಯೇ ಹೇಳಿದೆ:

"ನೂರು ಆತ್ರಿ ಅಕ್ಕಾರ."

ಅವರು ಹ್ಯಾಂಡಲ್ ಮೇಲೆ ತಲೆ ಇಟ್ಟಿದ್ದರು. ಎತ್ತದೆಯೇ ಕೇಳಿದರು: "ಅದರಾಗ ಮೂರು ಹೊತ್ಕೊಂಡ ಬಂದೇವಲ್ಲ?"

"ದಾರಿ ನೂರ ಐತ್ರಿ. ನೀವು ಪೂರಾ ದಾಟೀರಿ."

"ದಾಟಿದ್ದು ಖರೇ. ತುಳದದ್ದು ಎಷ್ಟು?"

ತಿರುಗದ ಚಕ್ರಕ್ಕೆ ಮೀಟರ್ ಲೆಕ್ಕ ಹಾಕುವುದಿಲ್ಲ. ನನ್ನದರಲ್ಲಿ ಬೆಳಗಿನ ಎಂಟನ್ನು ಕಳೆದರೆ ತೊಂಬತ್ತೇಳು. ಒಂದು ದಶಾಂಶವನ್ನೂ ಹೆಚ್ಚು ಬರೆಯದವನು ಆವತ್ತು ಮೂರು ಕಿಲೋಮೀಟರ್ ಸುಳ್ಳು ಬರೆಯಲು ತಯಾರಿದ್ದೆ. ಆ ಮೂರನ್ನು ಅವರಿಂದ ಕಸಿದವನು ನಾನೇ.

"ಮಕ್ಕಳಿಗೆ ಗೊತ್ತಾಗೂದಿಲ್ರಿ," ಅಂದೆ.

"ನನಗ ಗೊತ್ತಾಗ್ತೈತಲ್ಲೋ ತಮ್ಮಾ." ತಲೆ ಎತ್ತಿದರು. "ಇಲ್ಲಿಂದ ನೀರಿನ ಟಾಕಿ ಎಷ್ಟು? ಚೀಟಿ ನೋಡು."

ನೋಡಿದೆ. ಬೆಳಗಿನ ದಾರಿಯ ಮೊದಲ ಗುರುತೇ ಅದು: ಗಿರಣಿಯಿಂದ ಟಾಕಿ ಒಂದೂವರೆ, ಎಲ್ಲಾ ಏರು. ಹೇಳಲು ಮನಸ್ಸಾಗಲಿಲ್ಲ, ಹೇಳಿದೆ.

"ಹೋಗಿ ಬಂದ್ರ ಮೂರು."

"ನಾನೂ ಬರ್ತೇನ್ರಿ," ಎಂದು ಪೆಡಲ್ ಮೇಲೆ ಕಾಲಿಟ್ಟೆ. ತೊಡೆಯ ಸ್ನಾಯು ಹಿಡಿದುಕೊಂಡು ಸೈಕಲ್ ಸಮೇತ ಗಿರಣಿಯ ಗೋಡೆಗೆ ಒರಗಿದೆ.

"ಕೂಡು ಅಲ್ಲೇ. ನಿನ್ನೂ ಹೊರಾಕ ಆಗೂದಿಲ್ಲ ನನಗ."

ಅವರು ಹೋದರು. ನಾನು ಗಿರಣಿಯ ಮೆಟ್ಟಿಲ ಮೇಲೆ ಕೂತೆ. ಅವರ ಮೀಟರ್ ಕಿತ್ತುಹೋಗಿತ್ತು; ಈಗ ಅವರ ಕೈಯಲ್ಲಿದ್ದ ಅಳತೆ ನನ್ನ ಚೀಟಿಯ ಒಂದೂವರೆ ಮಾತ್ರ. ಬೆಳಗಿನಿಂದ ಅದೇ ಚೀಟಿ ಅವರನ್ನು ಎಲ್ಲಿಗೆ ಒಯ್ದಿತ್ತೆಂದು ನೋಡಿದ ಮೇಲೂ ಅವರು ಅದನ್ನೇ ಕೇಳಿದ್ದರು. ಆ ಒಂದೂವರೆಯನ್ನು ನಾನು ಯಾವ ದಿನ, ಎಷ್ಟು ಸಲ ಅಳೆದಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಮೆದುಳು ಓಡಲಿಲ್ಲ. ಏರಿನ ತುದಿಯಲ್ಲಿ ಅವರು ಇಳಿದು ನೂಕುತ್ತಿರಬಹುದೇ, ಬಿದ್ದಿರಬಹುದೇ ಎಂದು ಎರಡು ಸಲ ಎದ್ದು ನಿಂತೆ, ಎರಡು ಸಲ ಕೂತೆ.

ಹತ್ತೊಂಬತ್ತು ನಿಮಿಷಕ್ಕೆ ಬಂದರು. ಮುಖದಲ್ಲಿ ಖುಷಿ ಇರಲಿಲ್ಲ, ನಿದ್ದೆ ಇತ್ತು.

"ಟಾಕಿ ಗ್ವಾಡಿ ಮುಟ್ಟಿ ಬಂದೇನಿ. ಎಲ್ಲೂ ಇಳಿದಿಲ್ಲ. ಬರಕೋ."

ನಾನು ಡೈರಿಯಲ್ಲಿ ತೊಂಬತ್ತೇಳು ಬರೆದೆ, ಪಕ್ಕದಲ್ಲಿ ಮೂರು ಬರೆದೆ. ಅವರು ಬಗ್ಗಿ ನೋಡಿದರು.

"ಕೂಡಸಪಾ. ಅದನ್ನೂ ನಾನ ಮಾಡ್ಬೇಕೇನು?"

ಕೂಡಿಸಿ ಬರೆದೆ. ಆಗ 'ತಪ್ಪಾತ್ರಿ ಅಕ್ಕಾರ' ಎಂದೂ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಸೈಕಲ್ಲನ್ನು ಎದುರಿನ ತಮ್ಮ ಮನೆಯ ಮೆಟ್ಟಿಲು ಹತ್ತಿಸಲು ಎರಡು ಸಲ ನೋಡಿ, ಆಗದೆ, ಗೇಟಿನ ಒಳಗೆ ಅಡ್ಡ ಮಲಗಿಸಿ ಹೋದರು. ನಾನು ಅದನ್ನು ಎತ್ತಿ ಗೋಡೆಗೆ ನಿಲ್ಲಿಸಿದೆ. ಆಮೇಲೆ ರಾಯಾಪುರದ ಕಡೆ ಹೊರಟೆ, ಮೊದಲ ಅರ್ಧ ಕಿಲೋಮೀಟರ್ ನಡೆದುಕೊಂಡು.