ಅಂಚು ತುಂಬಿಸುವ ಬೈಗುಳ

ನನ್ನ ಗಂಡ ಮನೆಯಲ್ಲಿ ಬಾಯಿ ಬಿಡೋದು ಆಕಳಿಸೋದಕ್ಕೆ ಮಾತ್ರ. ಆದರೆ ಕಾರ್ಖಾನೆಯಲ್ಲಿ ಬಕೆಟ್ ಅಚ್ಚು ಹಾಕುವ ಮೆಷಿನ್ನಿನ ಮುಂದೆ ನಿಂತು ದಿನವಿಡೀ ಬೈಯುತ್ತಾರೆ. "ತುಂಬ್ಕೊಳೇ ಸೋಮಾರಿ! ಅಂಚಿನವರೆಗೂ ತುಂಬ್ಕೊಳೇ!" ಬೈದರೆ ಬಕೆಟ್ ದುಂಡಗೆ, ಪೂರ್ತಿಯಾಗಿ ಬೀಳುತ್ತೆ. ಅವರು ಅತ್ತ ಹೋದರೋ, ಇಲಿ ಕಚ್ಚಿದ ಹಾಗೆ ಅಂಚು ಮೊಟಕು.

ಮಾಡದ ಮದ್ದಿಲ್ಲ. ಕಾವು ಏರಿಸಿದರು, ಬಕೆಟ್ ಸೀದು ಕಪ್ಪಾಯಿತು. ಒತ್ತಡ ಹೆಚ್ಚಿಸಿದರು, ಅಚ್ಚಿನ ಸಂದಿಯಿಂದ ಪ್ಲಾಸ್ಟಿಕ್ ಹೊರಗೆ ಇಣುಕಿ ಬಕೆಟ್ಟಿಗೆ ಕಿವಿ ಮೂಡಿತು. ಕೊನೆಗೆ ಮಾಲೀಕ ಕೈಚೆಲ್ಲಿ, "ಅದಕ್ಕೆ ನಿನ್ನ ಬಾಯೇ ಸರಿ" ಅಂತ ಇವರನ್ನು ಅಲ್ಲೇ ನಿಲ್ಲಿಸಿಬಿಟ್ಟ. ಕೆಲಸದವರು ಬಕೆಟ್ ಡಾಕ್ಟ್ರು ಅಂತ ಹೆಸರಿಟ್ಟರು. ಇವರೋ, ಹಿಗ್ಗಿ ಹೀರೇಕಾಯಿ.

ಅಷ್ಟರಲ್ಲಿ ಬೇರೆ ಊರಿನಲ್ಲಿರುವ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಅಂಗೈಯಷ್ಟು ಮಗು. ಎರಡು ಗುಟುಕು ಹಾಲು ಹೋಗೋದರೊಳಗೆ ನಿದ್ದೆ. ಮಗಳು ಫೋನಿನಲ್ಲಿ ಅಳುತ್ತಾಳೆ. ಇವರು ರಜೆ ಕೇಳಿದರೆ ಮಾಲೀಕ, "ನೀನು ಹೋದ್ರೆ ಮೆಷಿನ್ ಮುನಿಸ್ಕೊಳ್ಳುತ್ತೆ. ಹೋಗೋದಾದ್ರೆ ವಾಪಸ್ ಬರ್ಲೇಬೇಡ" ಅಂದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೊಮ್ಮಗಳಿಗಿಂತ ಬಕೆಟ್ ಹೆಚ್ಚಾಯಿತೇ?

ಮಾರನೇ ದಿನ ಊಟದ ಡಬ್ಬಿ ಹಿಡಿದು ನಾನೇ ಕಾರ್ಖಾನೆಗೆ ನುಗ್ಗಿದೆ. ಇವರು ಉಣ್ಣಲು ಕೂತರು; ಬಕೆಟ್ಟುಗಳು ಮೊಟಕಾಗತೊಡಗಿದವು. ಇವರು ನಿಲ್ಲುವ ಜಾಗದಲ್ಲೇ ನಿಂತು ಮಾಲೀಕನಿಗೆ ಮಂಗಳಾರತಿ ಶುರುಮಾಡಿದೆ. "ನಿಮ್ಮ ಮನೇಲಿ ಮಕ್ಳು ಮರಿ ಯಾರೂ ಇಲ್ವಾ? ಬಕೆಟ್ಟೇ ಹೆತ್ತಿದೀರಾ?" ಧಡ್ ಅಂತ ಬಕೆಟ್ ಪೂರ್ತಿ ಬಿತ್ತು. ಮತ್ತೊಂದು ಬಿತ್ತು, ಅದೂ ಪೂರ್ತಿ.

"ಅಯ್ಯೋ, ಅಕ್ಕನ ಬೈಗುಳಕ್ಕೂ ಬಗ್ಗುತ್ತೆ!" ಅಂತ ಕೆಲಸದವರು ಚಪ್ಪಾಳೆ ತಟ್ಟಿದರು. ಮಾಲೀಕನೇ ಕೈಮುಗಿದು, "ಬೈಯಮ್ಮಾ, ಇನ್ನೂ ಬೈಯಿ" ಅಂದ.

ನನಗೋ ಬೆನ್ನು ತಣ್ಣಗಾಗುತ್ತಿತ್ತು. ತಿರುಗಿ ನೋಡಿದರೆ, ಕೆಲಸದವರಿಗೆ ಸೆಕೆ ಅಂತ ಗೋಡೆಗೆ ಹಾಕಿದ ಫ್ಯಾನು! ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಉಗುಳುವ ಮೂತಿಗೇ ಗಾಳಿ ಬೀಸುತ್ತಿದೆ. ಯಾರಾದರೂ ಅಡ್ಡ ನಿಂತರೆ ಮೂತಿ ಬಿಸಿಯಾಗೇ ಇರುತ್ತೆ. ಸರಿದರೆ ಪ್ಲಾಸ್ಟಿಕ್ ಅರ್ಧದಾರಿಯಲ್ಲೇ ಗಟ್ಟಿ. ಬೈಗುಳವೂ ಅಲ್ಲ, ಮಣ್ಣೂ ಅಲ್ಲ. ಇವರ ಅಗಲ ಬೆನ್ನು, ಅಷ್ಟೇ.

ಹೇಳೋಣ ಅಂತ ಬಾಯಿ ತೆರೆದೆ. ಇವರು ತುತ್ತನ್ನು ಕೈಯಲ್ಲೇ ಹಿಡಿದು, ಇದ್ದೊಂದು ಮರ್ಯಾದೆಯನ್ನೂ ಕಿತ್ತುಕೊಂಡವಳನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಎಲ್ಲರ ಕಣ್ಣೂ ಬಕೆಟ್ಟಿನ ಮೇಲಿದ್ದಾಗ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸಿದೆ. ಇವರ ಟವೆಲನ್ನು ಮೆಷಿನ್ನಿಗೆ ಕಟ್ಟಿ, "ನಂದೇನೂ ಇಲ್ಲ, ಇವರ ಹೆಸರು ಹೇಳಿ ಹೆದರಿಸ್ದೆ. ಡಾಕ್ಟ್ರ ಟವೆಲ್ ಇರೋತನಕ ಅದು ಬಾಲ ಬಿಚ್ಚಲ್ಲ" ಅಂದು ಪಕ್ಕಕ್ಕೆ ಸರಿದೆ. ಬಕೆಟ್ಟುಗಳು ಪೂರ್ತಿಯಾಗೇ ಬಿದ್ದವು. ಕೆಲಸದವರು ಸ್ವಲ್ಪ ಬೆವೆತರು. ರಜೆ ಸಿಕ್ಕಿತು.

ಆಸ್ಪತ್ರೆಯಲ್ಲಿ ನರ್ಸು ಹಾಲಿನ ಬಾಟಲಿ ಹಿಡಿದು ಸೋತು ಕೂತಿದ್ದಳು. ಮೊಮ್ಮಗಳು ತೂಕಡಿಸುತ್ತಿದ್ದಳು. ಇವರು ಮಂಚದ ಪಕ್ಕ ನಿಂತು, ಅದೇ ಕಾರ್ಖಾನೆಯ ಗಂಟಲಲ್ಲಿ, "ತುಂಬ್ಕೊಳೇ ಸೋಮಾರಿ! ಅಂಚಿನವರೆಗೂ ತುಂಬ್ಕೊಳೇ!" ಅಂದರು. ಮಗಳು ಬೆಚ್ಚಿಬಿದ್ದಳು, ನರ್ಸು ಗದರಿದಳು. ಮೊಮ್ಮಗಳು ಮಾತ್ರ ಕಣ್ಣು ಬಿಟ್ಟು ತಾತನನ್ನು ನೋಡಿದಳು, ಬಾಟಲಿ ಕಚ್ಚಿ ಕೊನೇ ಹನಿಯವರೆಗೂ ಕುಡಿದಳು.

ನಾನು ಕೋಣೆಯೆಲ್ಲ ಕಣ್ಣಾಡಿಸಿದೆ. ಅಲ್ಲಿ ಫ್ಯಾನೇ ಇರಲಿಲ್ಲ.