ಅಮೀನರು ಎರಡನೇ ಸಲ ಕೇಳಿದ್ದು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಆ ಕೋಪದಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಯ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳುವುದರಲ್ಲಿದ್ದೆ. ತಡೆದವರು ಇಬ್ಬರು. ಒಬ್ಬರು ನಮ್ಮ ಸಾಮಾನು ಜಪ್ತಿ ಮಾಡಲು ಬಂದಿದ್ದ ಕೋರ್ಟಿನ ಅಮೀನರು, ಇನ್ನೊಬ್ಬರು ನಮ್ಮ ಅತ್ತೆ. ಈ ವಯಸ್ಸಿನಲ್ಲೂ ದೀಪ ಹಚ್ಚುವಾಗ ಇಬ್ಬರನ್ನೂ ನೆನೆದುಕೊಳ್ಳುತ್ತೇನೆ.

ಆಗ ನಾವು ವಿಲ್ಸನ್ ಗಾರ್ಡನ್ನಿನಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರಿಗೆ ಪೇಟೆಯಲ್ಲೊಂದು ಕಾಗದದ ಅಂಗಡಿ. ಕಾಮಾಲೆ ಬಂದು ಅವರು ಮೂರು ತಿಂಗಳು ಹಾಸಿಗೆ ಹಿಡಿದರು, ಅಂಗಡಿಗೆ ಬೀಗ ಬಿತ್ತು. ಕಾಗದ ಕೊಡುತ್ತಿದ್ದ ಸಗಟು ವ್ಯಾಪಾರಿ ಎರಡು ಸಲ ಆಳು ಕಳಿಸಿ ನೋಡಿದ, ಆಮೇಲೆ ಕೋರ್ಟಿಗೆ ಹೋದ. ಅವನದೇನೂ ತಪ್ಪಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಅವನಿಗೆ ಶಾಪ ಹಾಕದ ದಿನವಿರಲಿಲ್ಲ.

ಮನೆ ನಡೆಯುತ್ತಿದ್ದದ್ದು ನನ್ನ ಹೊಲಿಗೆ ಮೆಷಿನ್ನಿನಿಂದ. ಅದು ಬೀದಿಗೆ ಗೊತ್ತಾಗಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ದೊಡ್ಡ ಮನೆತನದ ಸೊಸೆ ಕೂಲಿಗೆ ರವಿಕೆ ಹೊಲಿಯುತ್ತಾಳೆ ಎಂದರೆ ಹೇಗೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬಟ್ಟೆ ತರುವವರು ಹಿತ್ತಲ ಬಾಗಿಲಿಂದ ಬರಬೇಕು, ಕಾಸನ್ನು ಅವರೇ ಕಾಫಿಪುಡಿಯ ಡಬ್ಬಕ್ಕೆ ಹಾಕಿ ಹೋಗಬೇಕು. ಯಾರಾದರೂ ಕೇಳಿದರೆ, "ಏನೋ ಸ್ನೇಹಕ್ಕೆ ಹೊಲ್ಕೊಡ್ತಾಳೆ" ಎನ್ನುವುದು. ಮೆಷಿನ್ನು ಹಿಂದಿನ ಕೋಣೆಯಲ್ಲಿ, ಮೇಲೊಂದು ಹಳೇ ಸೀರೆ ಹೊದೆದು ಕೂತಿತ್ತು. ನನಗೂ ಆ ಜಂಬ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ಖರ್ಚು ಕಡಿಮೆ ಮಾಡಲು ಜಯನಗರದಲ್ಲಿ ಒಂದು ಸಣ್ಣ ಮನೆ ಗೊತ್ತು ಮಾಡಿದೆವು. ಆಗ ಜಯನಗರ ಅಂದರೆ ಊರಾಚೆ. ರಾಗಿ ಹೊಲದ ಮಧ್ಯೆ ಕಲ್ಲು ನೆಟ್ಟು ರಸ್ತೆ ಎಂದು ತೋರಿಸುತ್ತಿದ್ದರು, ಬಾಡಿಗೆ ಅರ್ಧಕ್ಕರ್ಧ. ಆ ಮನೆಯ ಮಾಲೀಕರು ಅಲ್ಲಿಯ ಹಳ್ಳಿಯವರೇ, ಹೊಲ ಹೋಗಿ ಸೈಟು ಉಳಿದವರು. "ಇನ್ನು ನಾಕು ದಿನಕ್ಕೆ ಆಷಾಢ ಹುಟ್ತದೆ ಕಣಮ್ಮ. ಅಷ್ಟರೊಳ್ಗೆ ಹಾಲುಕ್ಕಿಸಿ, ನಾಕು ಸಾಮಾನು ತಂದ್ ಮಡಗ್ಬಿಡಿ. ಮಿಕ್ಕಿದ್ದು ಶ್ರಾವಣಕ್ಕೆ ತಂದ್ರಾಯ್ತು" ಎಂದರು. ಸರಿ, ಎತ್ತಿನ ಗಾಡಿ ಮಾಡಿಕೊಂಡು ದೇವರ ಪಟ, ಒರಳುಕಲ್ಲು, ಅಕ್ಕಿ ಡಬ್ಬ, ಒಂದು ಮಂಚ, ಎರಡು ಟ್ರಂಕು ಹೇರಿಕೊಂಡು ಹೋದೆವು. ಹಾಲುಕ್ಕಿಸಿ, ಸಾಮಾನಿಟ್ಟು ಬೀಗ ಹಾಕಿ, ವಿಲ್ಸನ್ ಗಾರ್ಡನ್ನಿಗೆ ವಾಪಸು ಬಂದು ಮಲಗಿದೆವು. ಆಷಾಢಕ್ಕೆ ಹೆದರುವ ಯಾರೇ ಆದರೂ ಮಾಡುವ ಕೆಲಸ ಅದು.

ಗಾಡಿ ಹೊರಟಾಗ ಆ ವ್ಯಾಪಾರಿಯ ಗುಮಾಸ್ತ ಬೀದಿಯ ತಿರುವಿನಲ್ಲಿ ನಿಂತು ನೋಡಿದ್ದನಂತೆ. ಪಂಚಾಂಗ ನೋಡುವ ಪೈಕಿಯಲ್ಲವೇನೋ ಅವನು. ಪ್ರತಿವಾದಿ ಸಾಲ ಮುಳುಗಿಸುವುದಕ್ಕೆ ಮನೆಯ ಸೊತ್ತನ್ನು ಗುಟ್ಟಾಗಿ ಸಾಗಿಸುತ್ತಿದ್ದಾನೆ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟ. ಹಾಗೆ ಬರೆದುಕೊಟ್ಟರೆ, ಸಾಲ ಉಂಟೋ ಇಲ್ಲವೋ ಎಂದು ತೀರ್ಪಾಗುವ ಮುಂಚೆಯೇ ಮನೆಯಲ್ಲಿರುವುದನ್ನು ಜಪ್ತಿ ಮಾಡಿಸಬಹುದು ಎಂಬ ಕಾನೂನು ಇದೆಯೆಂದು ನಮಗೆ ಗೊತ್ತಾದದ್ದು ಅಮೀನರು ಬಾಗಿಲಲ್ಲಿ ನಿಂತಾಗಲೇ.

ಮಧ್ಯಾಹ್ನ ಮೂರು ಗಂಟೆಯಿರಬೇಕು. ಐವತ್ತು ದಾಟಿದ ಸಣಕಲು ಮನುಷ್ಯ, ತಲೆಗೆ ಪೇಟ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಕೋರ್ಟಿನ ಕಾಗದ. ಜೊತೆಗೊಬ್ಬ ಜವಾನ. ಯಜಮಾನರು ಗೋಡೆ ಹಿಡಿದುಕೊಂಡು ಎದ್ದು ಬಂದರು. ಅಮೀನರು ಆರ್ಡರನ್ನು ಓದಿ ಹೇಳಿ, "ತಗೊಂಡ್ ಹೋಗಿ ಮಾರಕ್ಕೆ ಬಂದಿಲ್ಲ ಸ್ವಾಮಿ. ದಾವೆ ಮುಗಿಯೋವರ್ಗೂ ಸಾಮಾನು ಜಾಗ ಬಿಡ್ಬಾರ್ದು, ಅಷ್ಟೇ. ನೀವು ಕೋರ್ಟಿಗೆ ಬಂದು ನಿಮ್ ಸಮಜಾಯಿಷಿ ಹೇಳ್ಕೋಬೋದು" ಎಂದರು. ಸಾಕ್ಷಿಗೆಂದು ಎದುರು ಮನೆಯ ಮೇಷ್ಟ್ರನ್ನು ಪಂಚರಾಗಿ ಕರೆಸಿದರು. ಮೇಷ್ಟ್ರು ನಾಚಿಕೊಂಡು ನೆಲ ನೋಡುತ್ತ ನಿಂತರು. ನಾನು ಕಾಫಿ ಬೇಕೇ ಎಂದು ಕೇಳಲಿಲ್ಲ, ನನ್ನ ಮುಖ ನೋಡಿ ಅವರೂ ನೀರು ಕೇಳಲಿಲ್ಲ.

ಅವರು ಬರೆಯುತ್ತ ಹೋದರು. ಗೋಡೆ ಗಡಿಯಾರ, ರೇಡಿಯೋ, ಬೀರು, ಎರಡು ಕುರ್ಚಿ. ಅಡಿಗೆ ಪಾತ್ರೆಗಳ ಹತ್ತಿರ ಬಂದಾಗ "ಇವು ಬೇಡ" ಎಂದರು. ಹಾಸಿಗೆ ಬೇಡ, ಉಡುವ ಬಟ್ಟೆ ಬೇಡ. ನನ್ನ ಕತ್ತಿನ ಕಡೆ ನೋಡದೆಯೇ "ತಾಳಿ ಸರ ಮುಟ್ಟೋ ಹಾಗಿಲ್ಲ" ಎಂದು ಜವಾನನಿಗೆ ಹೇಳಿದರು. ಅದೂ ನನಗೆ ಅವಮಾನವೇ ಆಯಿತು. ಹಿಂದಿನ ಕೋಣೆಗೆ ಬಂದು ಹಳೇ ಸೀರೆ ಎತ್ತಿದರು.

"ಹೊಲಿಗೆ ಮೆಷಿನ್ನು ಯಾರ್ ಹೆಸ್ರಲ್ಲಿ ತಗೊಂಡಿದ್ದು?"

"ನನ್ ಹೆಸ್ರಲ್ಲೇ" ಎಂದರು ಯಜಮಾನರು.

"ಇದು ಕಸುಬಿಗೋ, ಮನೆ ಬಳಕೆಗೋ ತಾಯಿ?"

ಆ ಪ್ರಶ್ನೆಯಲ್ಲಿ ಏನಿದೆ ಎಂದು ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸುವ ಜಾಯಮಾನ ನನ್ನದಲ್ಲ. ಹಿಂದೆ ಅತ್ತೆ ನಿಂತಿದ್ದರು, ಬಾಗಿಲಲ್ಲಿ ಮೇಷ್ಟ್ರು, ಕಿಟಕಿಯಾಚೆ ಅರ್ಧ ಬೀದಿ. "ಕಸುಬು ಮಾಡ್ಕೊಂಡಿರೋ ಜನ ಅಲ್ಲ ನಾವು. ಮನೆ ಬಳಕೆಗೆ, ಬರ್ಕೊಳ್ಳಿ" ಎಂದೆ. ಅವರು ಬರೆದುಕೊಂಡರು. ಬರೆದ ಮೇಲೆ ಲೇಖನಿ ಎತ್ತಲಿಲ್ಲ. ಮೆಷಿನ್ನಿನ ಪಕ್ಕದಲ್ಲಿ ಕತ್ತರಿಸಿಟ್ಟ ತೋಳುಗಳು, ಕೊರಳಪಟ್ಟಿಗಳು, ಕಾಜಾ ಆಗದ ಒಂದು ರಾಶಿ ರವಿಕೆ ಬಿದ್ದಿತ್ತು. ಅದನ್ನು ನೋಡಿ ನನ್ನನ್ನು ನೋಡಿದರು.

"ತಾಯಿ, ನಾನು ಬರ್ಯೋದು ನೀವು ಹೇಳಿದ್ದನ್ನ. ಕಸುಬಿನೋರ ಸಾಧನ ಮುಟ್ಬೇಡಿ ಅಂತ ಕಾನೂನೇ ಹೇಳತ್ತೆ. ಶೋಕಿ ಸಾಮಾನಾದ್ರೆ ಪಟ್ಟಿಗೆ ಸೇರಿಸ್ಲೇಬೇಕು, ಸೀಲ್ ಮಾಡ್ಲೇಬೇಕು. ಇನ್ನೊಂದ್ಸಲ ಕೇಳ್ತೀನಿ. ಇದು ಕಸುಬಿಗೋ, ಮನೆ ಬಳಕೆಗೋ?"

ಆಗ ಅರ್ಥವಾಯಿತು. ಮೆಷಿನ್ನಿಗೆ ಸೀಲು ಬಿದ್ದರೆ ನಾಳೆಯಿಂದ ಕಾಫಿಪುಡಿ ಡಬ್ಬ ಬರಿದು, ಯಜಮಾನರ ಔಷಧಿ ಬಂದ್. ಆದರೂ ನಾಲಿಗೆ ಏಳಲಿಲ್ಲ. ಅತ್ತೆಯ ಎದುರಿಗೆ, ಅತ್ತೆಯ ಮಾತು ಮೀರಿ, ಬೀದಿಗೆಲ್ಲ ಕೇಳುವ ಹಾಗೆ ಕೂಲಿಯವಳು ಎಂದು ನನ್ನನ್ನು ನಾನೇ ಹೇಗೆ ಕರೆದುಕೊಳ್ಳಲಿ?

ಅತ್ತೆ ಮುಂದೆ ಬಂದರು. ಪರ ಗಂಡಸರ ಎದುರಿಗೆ ಎಂದೂ ಮಾತಾಡದ ಹೆಂಗಸು. ಸೆರಗನ್ನು ಹೊದ್ದುಕೊಂಡು, "ಕಸುಬು ಸ್ವಾಮಿ" ಎಂದರು. "ಈ ಮನೇಲಿ ಒಲೆ ಉರೀತಿರೋದೇ ಇದ್ರಿಂದ. ನಾನೇ ಬಾಯ್ ಬಿಡ್ಬೇಡ ಅಂದಿದ್ದೆ. ಅವ್ಳು ಹೇಳಿದ್ದು ನನ್ ಮಾತು, ಅವ್ಳ್ದಲ್ಲ. ಅದನ್ನ ಹೊಡೆದ್ಹಾಕಿ."

"ಯಾರಿಗ್ ಹೊಲ್ಕೊಡ್ತಾರೆ, ಹೇಳ್ಬೋದಾಮ್ಮ?"

ಅತ್ತೆ ರಾಶಿಯ ಮುಂದೆ ಕೂತು ಒಂದೊಂದೇ ರವಿಕೆ ಎತ್ತಿ ತೋರಿಸತೊಡಗಿದರು. ಇದು ಮೂಲೆ ಮನೆಯವರದು, ಇದು ನರ್ಸಮ್ಮನದು, ಇದು ಮದುವೆ ಹೆಣ್ಣಿನದು, ಗುರುವಾರಕ್ಕೆ ಕೊಡಬೇಕು. ನನಗೇ ಗುರುತಿಗೆ ಚೀಟಿ ಬೇಕಾಗುತ್ತಿತ್ತು. ಕಂಡೂ ಕಾಣದ ಹಾಗೆ ತಿರುಗಾಡುತ್ತಿದ್ದ ಆಕೆಗೆ ಎಲ್ಲವೂ ಗೊತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಬಗ್ಗಿ ಒಂದು ಹಸಿರು ರವಿಕೆ ಎತ್ತಿಕೊಂಡರು. "ಇದು ನಮ್ಮನೆಯವಳದ್ದಲ್ವೇ? ಪೇಟೆ ಟೈಲರ್ ಹತ್ರ ಹೊಲಿಸ್ತೀನಿ ಅಂತ ನನ್ ಹತ್ರ ಬಸ್ ಚಾರ್ಜೂ ಇಸ್ಕೊಂಡಿದ್ಲಲ್ಲ" ಎಂದರು. ಕಿಟಕಿಯಾಚೆ ಯಾರೋ ಕಿಸಕ್ಕೆಂದರು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಅಮೀನರು ನಗಲಿಲ್ಲ. ಬರೆದ ಸಾಲನ್ನು ಹೊಡೆದು ಪಕ್ಕದಲ್ಲಿ ರುಜು ಹಾಕಿದರು, ಮೇಷ್ಟ್ರ ರುಜುವನ್ನೂ ಹಾಕಿಸಿದರು. ಕೆಳಗೆ ಹೊಸದಾಗಿ ಬರೆದು ಗಟ್ಟಿಯಾಗಿ ಓದಿದರು: "ಹೊಲಿಗೆ ಯಂತ್ರ ಒಂದು. ಈ ಮನೆಯ ಹೆಂಗಸಿನ ಕಸುಬಿನ ಸಾಧನವಾದ್ದರಿಂದ ಬಿಡಲಾಗಿದೆ." ನನಗೊಂದು ಕಸುಬಿದೆ ಎಂದು ಕಾಗದದ ಮೇಲೆ ಮೊಟ್ಟಮೊದಲು ಬರೆದವರು ಅವರು. ಹೊರಡುವಾಗ ಕಾಫಿ ಕುಡಿದು ಹೋಗಿ ಎಂದೆ. "ಜಪ್ತಿಗ್ ಬಂದ ಮನೇಲಿ ಕುಡಿಯಲ್ಲ ತಾಯಿ, ಪದ್ಧತಿ" ಎಂದು ಕೊಡೆ ಬಿಚ್ಚಿದರು. ಅವರನ್ನು ಮತ್ತೆ ನಾನು ನೋಡಲಿಲ್ಲ.

ಜಯನಗರದ ಮನೆ ಮಾಲೀಕರು ತಾವೇ ಕೋರ್ಟಿಗೆ ಬಂದು, ಗಾಡಿ ಕಳಿಸಿ ಎಂದದ್ದು ನಾನೇ, ಆಷಾಢ ಬರುತ್ತದೆಂದು ಹಾಗಂದೆ ಎಂದು ಪ್ರಮಾಣ ಮಾಡಿದರು. ಬಾಡಿಗೆ ಇನ್ನೂ ಒಂದು ಕಾಸು ಕೊಡದ ನಮಗಾಗಿ ಅರ್ಧ ದಿನ ಕಂಬಕ್ಕೊರಗಿ ಕಾದರು. ನ್ಯಾಯಾಧೀಶರ ಮನೆಯಲ್ಲೂ ಪಂಚಾಂಗ ಇದ್ದಿರಬೇಕು, ಜಪ್ತಿ ತೆರವಾಯಿತು. ಸಾಲವಂತೂ ಸಾಲವೇ, ಕಂತು ಕಟ್ಟಿ ತೀರಿಸಿದೆವು. ಅದರಲ್ಲಿ ಹೆಚ್ಚಿನ ಪಾಲು ರವಿಕೆಯದು.

ಶ್ರಾವಣ ಹುಟ್ಟಿದ ವಾರವೇ ಉಳಿದ ಸಾಮಾನಿನೊಂದಿಗೆ ಜಯನಗರಕ್ಕೆ ಹೋದೆವು. ಗಾಡಿಯಿಂದ ಮೆಷಿನ್ನು ಇಳಿಸಿಕೊಂಡು ಅಭ್ಯಾಸಬಲದಿಂದ ಹಿಂದಿನ ಕೋಣೆಯ ಕಡೆ ಹೊರಟೆ. ಅತ್ತೆ ಅಡ್ಡ ಬಂದು, ಮುಂದಿನ ಕೋಣೆಯ ಕಿಟಕಿಯ ಕಡೆ ಬೆರಳು ಮಾಡಿದರು. ರಸ್ತೆಗೆ ನೇರ ಕಾಣುವ ಜಾಗ.

"ಅತ್ತೆ, ಹೋಗೋ ಬರೋರೆಲ್ಲ ನೋಡ್ತಾರೆ" ಎಂದೆ.

ಮೆಷಿನ್ನಿನ ಮೇಲಿನ ಹಳೇ ಸೀರೆಯನ್ನು ಎಳೆದು ಮಡಿಸುತ್ತ ಅವರು ಅಂದರು, "ನೋಡ್ಲಿ ಬಿಡು. ಕೋರ್ಟೇ ನೋಡ್ಕೊಂಡ್ ಹೋಗಿದೆ."